ಅಬಿಸ್ಕೊದ ಹೆಪ್ಪುನೆಲಕ್ಕೂ ಕೋಲಾರದ ಬೋರ್‌ವೆಲ್‌ಗೂ ಏನು ಸಂಬಂಧ?

ಸ್ವೀಡನ್ನಿಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಒಂದಲ್ಲ ಒಂದು ಚಳಿಗಾಲದಲ್ಲಿ ಅಬಿಸ್ಕೊ ಪ್ರವಾಸದ ಮಾತು ಬಂದೇ ಬರುತ್ತದೆ. ಸ್ಟಾಕ್‌ಹೋಮ್‌ನಲ್ಲಿ ರಾತ್ರಿ ರೈಲು ಹತ್ತಿ, ಚಪಾತಿ-ಚಟ್ನಿಪುಡಿಯ ಬುತ್ತಿ ಬಿಚ್ಚಿ, ಕಿರುನಾ ದಾಟಿ, ಉತ್ತರ ಧ್ರುವವೃತ್ತದಿಂದಲೂ ಸುಮಾರು 200 ಕಿಲೋಮೀಟರ್ ಮೇಲಕ್ಕೆ ಹೋಗುವುದು. ಅಲ್ಲಿ ಕತ್ತು ನೋಯುವವರೆಗೂ ಆಕಾಶ ನೋಡುತ್ತಾ ಹಸಿರು ಬೆಳಕಿನ ಕುಣಿತಕ್ಕಾಗಿ ಕಾಯುವುದು. ಇದೆಲ್ಲ ನಮಗೆ ಗೊತ್ತಿರುವುದೇ. ಆದರೆ ಅಬಿಸ್ಕೊದಲ್ಲಿ ವಿಜ್ಞಾನಿಗಳು ಹೆಚ್ಚಾಗಿ ನೋಡುವುದು ತಲೆಯ ಮೇಲಲ್ಲ, ಕಾಲ ಕೆಳಗೆ! ಅಲ್ಲಿನ ಜೌಗುನೆಲದ ಅಡಿಯಲ್ಲಿ ನೂರಾರು ವರ್ಷಗಳಿಂದ ಕರಗದೆ ಕುಳಿತಿರುವ ಮಂಜುಗಡ್ಡೆ ಇದೆ. ಅದು ಈಗ ಕರಗುತ್ತಿದೆ. ಎಷ್ಟು ಆಳದವರೆಗಿದೆ, ಎಲ್ಲಿ ತೆಳುವಾಗಿದೆ, ಎಲ್ಲಿ ಆಗಲೇ ಮಾಯವಾಗಿದೆ ಎಂದು ಅಗೆಯದೆಯೇ ತಿಳಿಯಲು ಅವರು ನೆಲಕ್ಕೆ ಕರೆಂಟು ಹಾಯಿಸುತ್ತಾರೆ.

ಈ ಉಪಾಯ ನಮ್ಮವರಿಗೆ ಹೊಸದೇನಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಕೊಳವೆಬಾವಿ ಕೊರೆಸುವ ಮುಂಚೆ ಭೂಗರ್ಭಶಾಸ್ತ್ರಜ್ಞರು ಹೊಲದಲ್ಲಿ ನಾಲ್ಕು ಗೂಟ ನೆಟ್ಟು, ವೈರು ಎಳೆದು, ಪೆಟ್ಟಿಗೆಯೊಂದರ ಮುಂದೆ ಕುಳಿತು ಲೆಕ್ಕ ಬರೆದುಕೊಳ್ಳುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅಲ್ಲಿ ಹುಡುಕುವುದು ನೀರನ್ನು, ಇಲ್ಲಿ ಹುಡುಕುವುದು ನೀರು ಗಟ್ಟಿಯಾದ ಮಂಜನ್ನು. ವಿದ್ಯೆ ಒಂದೇ. ಹಾಗಾಗಿ ಈ ಬಾರಿ ಅದರ ಬಗ್ಗೆಯೇ ನಾಲ್ಕು ಮಾತು.

ಹೆಪ್ಪುನೆಲ ಎಂದರೇನು?

ಇಂಗ್ಲಿಷಿನಲ್ಲೂ ಸ್ವೀಡಿಷ್‌ನಲ್ಲೂ ಇದಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ನಾವು ಇಲ್ಲಿ 'ಹೆಪ್ಪುನೆಲ' ಎಂದು ಕರೆಯೋಣ. ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ ಇರುವ ನೆಲ ಹೆಪ್ಪುನೆಲ. ಮಣ್ಣಿರಲಿ, ಬಂಡೆಯಿರಲಿ, ಉಷ್ಣತೆಯೊಂದೇ ಅದರ ಗುರುತು. ಸ್ಟಾಕ್‌ಹೋಮ್ ಸುತ್ತಮುತ್ತ ಚಳಿಗಾಲದಲ್ಲಿ ನೆಲ ಗಟ್ಟಿಯಾಗಿ, ವಸಂತದಲ್ಲಿ ಕರಗಿ, ರಸ್ತೆಗಳು ಉಬ್ಬಿ ಬಿರುಕು ಬಿಡುತ್ತವಲ್ಲ, ಸ್ವೀಡಿಷರು 'ಶೇಲೆ' ಎನ್ನುತ್ತಾರಲ್ಲ, ಅದು ಬೇರೆ. ಶೇಲೆ ಚಳಿಗಾಲದ ಅತಿಥಿ. ಹೆಪ್ಪುನೆಲ ಮನೆಯ ಯಜಮಾನ.

ಹೆಪ್ಪುನೆಲದ ಮೇಲ್ಭಾಗದ ಒಂದು ಪದರ ಮಾತ್ರ ಪ್ರತಿ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಇದನ್ನು ಸಕ್ರಿಯ ಪದರ ಎನ್ನುತ್ತಾರೆ. ಅಬಿಸ್ಕೊ ಕಡೆಯ ಜೌಗುಗಳಲ್ಲಿ ಇದು ಸಾಮಾನ್ಯವಾಗಿ ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು. ಗಿಡಗಳ ಬೇರು, ಹುಳುಹುಪ್ಪಟೆ, ನೀರಿನ ಓಡಾಟ ಎಲ್ಲವೂ ಈ ಪದರದಲ್ಲೇ. ಅದರ ಕೆಳಗೆ ಕಲ್ಲಿನಂತೆ ಗಟ್ಟಿಯಾದ ನೆಲ.

ಸೈಬೀರಿಯಾದಲ್ಲಿ ಹೆಪ್ಪುನೆಲ ಊರಿಗೆ ಊರೇ ಹಾಸಿಕೊಂಡಿದೆ. ಸ್ವೀಡನ್ನಿನಲ್ಲಿ ಹಾಗಿಲ್ಲ. ಇಲ್ಲಿ ಅದು ಎತ್ತರದ ಬೆಟ್ಟಗಳ ಮೇಲೆ ಮತ್ತು ಲ್ಯಾಪ್‌ಲ್ಯಾಂಡಿನ ಕೆಲವು ಜೌಗುಗಳಲ್ಲಿ ಮಾತ್ರ, ಅದೂ ತೇಪೆ ತೇಪೆಯಾಗಿ. ಕೆಬ್ನೆಕೈಸೆ ಪಕ್ಕದ ತರ್ಫಾಲ ಕಣಿವೆಯ ಮೇಲಿನ ಬೆಟ್ಟದ ಸಾಲಿನಲ್ಲಿ, ಸುಮಾರು 1540 ಮೀಟರ್ ಎತ್ತರದಲ್ಲಿ, 2000ರಲ್ಲಿ 100 ಮೀಟರ್ ಆಳದ ರಂಧ್ರ ಕೊರೆದು ಉಷ್ಣಮಾಪಕಗಳನ್ನು ಇಳಿಬಿಟ್ಟರು. ಯುರೋಪಿನ ಬೆಟ್ಟಗಳ ಹೆಪ್ಪುನೆಲವನ್ನು ಅಳೆಯುವ ದೊಡ್ಡ ಯೋಜನೆಯೊಂದರ ಭಾಗ ಅದು. ನೂರು ಮೀಟರ್ ಕೊರೆದರೂ ತಳ ಸಿಗಲಿಲ್ಲ! ಅಲ್ಲಿ ಬಂಡೆ ಇನ್ನೂ ಬಹಳ ಆಳದವರೆಗೆ ಸೊನ್ನೆಗಿಂತ ಕೆಳಗಿದೆ. ಜೌಗಿನ ಹೆಪ್ಪುನೆಲದ ಕಥೆಯೇ ಬೇರೆ. ಅದು ತೆಳು, ಸೊನ್ನೆಗೆ ತೀರಾ ಹತ್ತಿರ, ಅಂಚಿನಲ್ಲಿ ನಿಂತಿರುವಂಥದ್ದು.

ಗೋಣಿಚೀಲ ಸುತ್ತಿದ ಐಸು

ಅಬಿಸ್ಕೊದಿಂದ ಪೂರ್ವಕ್ಕೆ ಹತ್ತು ಕಿಲೋಮೀಟರಿನಷ್ಟು ಹೋದರೆ ಸ್ಟೂರ್‌ಡಾಲೆನ್ ಎಂಬ ಜೌಗು ಸಿಗುತ್ತದೆ. ಅಲ್ಲಿ ನೀರು ನಿಂತ ಹಸಿರು ತಗ್ಗುಗಳ ನಡುವೆ ಅಲ್ಲಲ್ಲಿ ಒಣಗಿದ ಕಂದು ದಿಬ್ಬಗಳು ಕಾಣುತ್ತವೆ. ಇವೇ ಪಾಲ್ಸಾಗಳು. ಶತಮಾನಗಳಿಂದ ಕೊಳೆಯದೆ ಉಳಿದ ಪಾಚಿ-ಹುಲ್ಲುಗಳ ಪದರಕ್ಕೆ ಪೀಟ್ ಎನ್ನುತ್ತಾರೆ. ಪಾಲ್ಸಾ ಎಂದರೆ ಹೊಟ್ಟೆಯಲ್ಲಿ ಮಂಜುಗಡ್ಡೆ ಇಟ್ಟುಕೊಂಡು ಉಬ್ಬಿದ ಪೀಟ್ ದಿಬ್ಬ.

ಬೇಸಿಗೆಯ ಬಿಸಿಲಿನಲ್ಲೂ ಈ ಮಂಜು ಉಳಿಯುವುದು ಹೇಗೆ? ಊರಿನಲ್ಲಿ ಫ್ರಿಜ್ ಇಲ್ಲದ ಕಾಲದಲ್ಲಿ ಮದುವೆ ಮನೆಗೆ ಐಸ್ ಗಡ್ಡೆ ತಂದರೆ ಮರದ ಹೊಟ್ಟು ಮೆತ್ತಿ ಗೋಣಿಚೀಲ ಸುತ್ತಿಡುತ್ತಿದ್ದರಲ್ಲ, ಹಾಗೆ. ಬೇಸಿಗೆಯಲ್ಲಿ ಒಣಗಿದ ಪೀಟ್ ಆ ಹೊಟ್ಟಿನಂತೆ ಶಾಖವನ್ನು ಒಳಗೆ ಬಿಡುವುದಿಲ್ಲ. ಶರತ್ಕಾಲದಲ್ಲಿ ಅದೇ ಪೀಟ್ ನೀರು ಕುಡಿದು ನೆನೆಯುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಮಂಜು ನೀರಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ಚಳಿಗಾಲದ ಕೊರೆತ ಸಲೀಸಾಗಿ ಒಳಗಿಳಿಯುತ್ತದೆ. ದಿಬ್ಬ ಎತ್ತರದಲ್ಲಿರುವುದರಿಂದ ಗಾಳಿಯು ಅದರ ಮೇಲಿನ ಹಿಮವನ್ನೂ ಗುಡಿಸಿ ಹಾಕುತ್ತದೆ, ಹೊದಿಕೆಯೂ ಇಲ್ಲದಂತಾಗುತ್ತದೆ. ಹೀಗೆ ಬೇಸಿಗೆಗೆ ಬಾಗಿಲು ಮುಚ್ಚಿ ಚಳಿಗೆ ಬಾಗಿಲು ತೆರೆಯುವ ಚೌಕಾಸಿಯಿಂದಲೇ ಪಾಲ್ಸಾ ಬದುಕಿದೆ.

ಹಿಮ ಹೊದಿಕೆ ಎಂಬ ಮಾತು ಬರೀ ಅಲಂಕಾರವಲ್ಲ. ಹತ್ತಿರದ ಸ್ಟೂರ್‌ಫ್ಲಾಕೆಟ್ ಜೌಗಿನಲ್ಲಿ 2005ರಲ್ಲಿ ವಿಜ್ಞಾನಿಗಳು ಬೇಲಿ ಕಟ್ಟಿ, ಗಾಳಿಯಲ್ಲಿ ತೂರಿಬರುವ ಹಿಮ ಅಲ್ಲೇ ದಪ್ಪಗೆ ಶೇಖರವಾಗುವಂತೆ ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಜಾಗದ ನೆಲ ಬೆಚ್ಚಗಾಗಿ, ಬೇಸಿಗೆಯ ಕರಗುವಿಕೆ ಇನ್ನಷ್ಟು ಆಳಕ್ಕಿಳಿಯಿತು. ಚಳಿ ಹೆಚ್ಚಿದ್ದರೆ ಸಾಲದು, ಅದು ನೆಲದೊಳಗೆ ಹೋಗಬೇಕು.

ನಾಲ್ಕು ಗೂಟ, ಒಂದು ಬ್ಯಾಟರಿ

ಈಗ ಕರೆಂಟಿನ ವಿಷಯಕ್ಕೆ ಬರೋಣ. ಹೈಸ್ಕೂಲಿನಲ್ಲಿ ಓದಿದ ಓಮ್‌ನ ನಿಯಮ ನೆನಪಿದೆಯೇ? ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ಅಷ್ಟು ಸಾಕು.

ನೆಲದಲ್ಲಿ ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ನಾಲ್ಕು ಸ್ಟೀಲ್ ಗೂಟ ನೆಡುತ್ತಾರೆ. ಹೊರಗಿನ ಎರಡರ ಮೂಲಕ ಬ್ಯಾಟರಿಯಿಂದ ಕರೆಂಟು ಹಾಯಿಸುತ್ತಾರೆ. ಒಳಗಿನ ಎರಡರ ನಡುವೆ ಎಷ್ಟು ವೋಲ್ಟೇಜ್ ಹುಟ್ಟಿತೆಂದು ಅಳೆಯುತ್ತಾರೆ. ಅಮೆರಿಕದ ಫ್ರಾಂಕ್ ವೆನ್ನರ್ 1915ರಲ್ಲಿ ವಿವರಿಸಿದ ಜೋಡಣೆ ಇದು. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜೆ ಅದಕ್ಕೂ ಮೊದಲೇ, 1912ರಲ್ಲಿ, ನೆಲಕ್ಕೆ ಕರೆಂಟು ಹಾಯಿಸಿ ನಕ್ಷೆ ಬರೆದಿದ್ದರು. ಊರಿನ ಬೋರ್‌ವೆಲ್ ಸರ್ವೆಯಲ್ಲಿ ಹೆಚ್ಚಾಗಿ ಬಳಸುವುದು ಶ್ಲಂಬರ್ಜೆ ಹೆಸರಿನ ಜೋಡಣೆಯನ್ನೇ.

ಒಂದು ಉದಾಹರಣೆ ನೋಡಿ. ಗೂಟಗಳ ಅಂತರ 2 ಮೀಟರ್. ಕರೆಂಟು 100 ಮಿಲಿ ಆಂಪಿಯರ್, ಒಳಗಿನ ಗೂಟಗಳ ನಡುವೆ 800 ಮಿಲಿ ವೋಲ್ಟ್. ಭಾಗಿಸಿದರೆ 8 ಓಮ್. ಇದನ್ನು ಅಂತರದಿಂದಲೂ, ಎರಡು 'ಪೈ'ಯಿಂದಲೂ ಗುಣಿಸಿದರೆ ಸುಮಾರು 100 ಓಮ್-ಮೀಟರ್. ನೆನೆದ ಪೀಟ್ ಅಥವಾ ಒದ್ದೆ ಮಣ್ಣಿನಲ್ಲಿ ಇಂಥ ಅಂಕಿ ಬರುತ್ತದೆ. ಅದೇ ನೆಲ ಹೆಪ್ಪುಗಟ್ಟಿದರೆ? ಸಾವಿರಗಟ್ಟಲೆಗೆ ಏರುತ್ತದೆ. ಮಂಜು ಬಹಳ ಇದ್ದರೆ ಹತ್ತಾರು ಸಾವಿರ, ಲಕ್ಷವನ್ನೂ ಮುಟ್ಟಬಹುದು.

ಕಾರಣ ಸರಳ. ಮಣ್ಣಿನಲ್ಲಿ ಕರೆಂಟು ಸಾಗುವುದು ಮುಖ್ಯವಾಗಿ ಅದರ ಸಂದುಗಳಲ್ಲಿರುವ ನೀರಿನಿಂದ, ಆ ನೀರಿನಲ್ಲಿ ಕರಗಿದ ಲವಣಗಳಿಂದ. ನೀರು ಮಂಜಾದಾಗ ಆ ಅಯಾನುಗಳಿಗೆ ಓಡಾಡಲು ದಾರಿಯೇ ಇಲ್ಲ. ತುಂಬಿದ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಎಲ್ಲ ಗೇಟುಗಳನ್ನೂ ಒಟ್ಟಿಗೆ ಮುಚ್ಚಿದಂತೆ!

ಗೂಟಗಳ ಅಂತರ ಹೆಚ್ಚಿಸಿದಷ್ಟೂ ಕರೆಂಟು ಆಳಕ್ಕಿಳಿದು ಸುತ್ತಿ ಬರುತ್ತದೆ. ಹೀಗಾಗಿ ಒಂದೇ ಸಾಲಿನಲ್ಲಿ ಹಲವು ಹತ್ತು ಗೂಟಗಳನ್ನು ನೆಟ್ಟು, ಎಲ್ಲವನ್ನೂ ಒಂದೇ ಕೇಬಲ್ಲಿಗೆ ಕಟ್ಟಿ, ಯಾವ ನಾಲ್ಕನ್ನು ಯಾವಾಗ ಬಳಸಬೇಕೆಂದು ಉಪಕರಣವೇ ಆರಿಸಿಕೊಳ್ಳುವಂತೆ ಮಾಡುತ್ತಾರೆ. 2 ಮೀಟರ್ ಅಂತರದಲ್ಲಿ 81 ಗೂಟವೆಂದರೆ 160 ಮೀಟರಿನ ಸಾಲು. ಸಾಲಿನ ಉದ್ದದ ಐದಾರರಲ್ಲಿ ಒಂದು ಭಾಗದಷ್ಟು, ಅಂದರೆ ಸುಮಾರು 25-30 ಮೀಟರ್ ಆಳದವರೆಗೆ ಅಂದಾಜು ಸಿಗುತ್ತದೆ. ನೂರಾರು ಅಳತೆಗಳನ್ನು ಕಂಪ್ಯೂಟರಿಗೆ ಊಡಿಸಿದರೆ ಅದು ನೆಲವನ್ನು ಚಾಕುವಿನಿಂದ ಕತ್ತರಿಸಿದಂಥ ಬಣ್ಣದ ಚಿತ್ರವನ್ನು ಕೊಡುತ್ತದೆ. ಆಸ್ಪತ್ರೆಯ ಸ್ಕ್ಯಾನಿಂಗ್ ಇದ್ದಂತೆ ಇದು ನೆಲದ ಸ್ಕ್ಯಾನಿಂಗ್.

ಈ ಕೆಲಸಕ್ಕೆ ಬೇಸಿಗೆಯ ಕೊನೆ, ಅಂದರೆ ಆಗಸ್ಟ್-ಸೆಪ್ಟೆಂಬರ್, ಒಳ್ಳೆಯ ಕಾಲ. ಆಗ ಮೇಲ್ಪದರ ಪೂರ್ತಿ ಕರಗಿರುವುದರಿಂದ ಗೂಟ ಸುಲಭವಾಗಿ ಇಳಿಯುತ್ತದೆ, ಕರೆಂಟೂ ನೆಲಕ್ಕೆ ಸರಿಯಾಗಿ ಹತ್ತುತ್ತದೆ. ಬೆಟ್ಟದ ಮೇಲಿನ ಕಲ್ಲುರಾಶಿಯಲ್ಲಾದರೆ ಗೂಟದ ಬುಡಕ್ಕೆ ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜು ಇಡುವ ರೂಢಿಯಿದೆ. ಹೈಟೆಕ್ ವಿಜ್ಞಾನಕ್ಕೂ ಅಡುಗೆಮನೆಯ ಉಪ್ಪು ಬೇಕು ನೋಡಿ!

ಸ್ವೀಡನ್ನಿನ ಸ್ವಂತ ವಿದ್ಯೆ

ಅಂದ ಹಾಗೆ, ನೆಲಕ್ಕೆ ಕರೆಂಟು ಹಾಯಿಸುವ ವಿದ್ಯೆಯಲ್ಲಿ ಸ್ವೀಡನ್ ಮೊದಲಿನಿಂದಲೂ ಮುಂದು. ಇಲ್ಲಿನ ಅದಿರು ದಪ್ಪನೆಯ ಕಲ್ಲುಮಣ್ಣಿನ ಅಡಿಯಲ್ಲಿ ಹುದುಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಶೆಲ್ಲೆಫ್ಟಿಯೋ ಪ್ರದೇಶದಲ್ಲಿ ವಿದ್ಯುತ್ ಸರ್ವೆಗಳ ಜಾಡು ಹಿಡಿದು ಕೊರೆದಾಗ 1924ರ ಡಿಸೆಂಬರಿನಲ್ಲಿ ಬೂಲಿಡೆನ್‌ನ ಚಿನ್ನದ ಅದಿರು ಸಿಕ್ಕಿತು. ಅದಕ್ಕೆ ಒಂದು ವರ್ಷ ಮುಂಚೆ, 1923ರಲ್ಲಿ, ಇಂಥ ಸರ್ವೆಗಳಿಗಾಗಿಯೇ ಅಬೆಮ್ ಕಂಪನಿ ಹುಟ್ಟಿತ್ತು. ಅಬೆಮ್‌ನ 'ಟೆರ್ರಾಮೀಟರ್' ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಹಲವು ಗೂಟಗಳ ಸ್ವಯಂಚಾಲಿತ ಸರ್ವೆಯನ್ನು ರೂಪಿಸಿದವರಲ್ಲಿ ಲುಂಡ್ ವಿಶ್ವವಿದ್ಯಾಲಯದ ಟೂರ್ಲೈಫ್ ಡಾಲಿನ್ ಪ್ರಮುಖರು. 1993ರ ಅವರ ಡಾಕ್ಟರೇಟ್ ಪ್ರಬಂಧದ ವಿಷಯವೇ ಅದು. ನೆಲದೊಳಗೆ ರೇಡಿಯೋ ಅಲೆ ಬಿಟ್ಟು ನೋಡುವ ರೇಡಾರ್‌ಗೆ ಹೆಸರಾದ ಮಾಲೋ ಸಂಸ್ಥೆಯ ಹೆಸರು ಕೂಡ ಲ್ಯಾಪ್‌ಲ್ಯಾಂಡಿನ ಒಂದು ಪುಟ್ಟ ಊರಿನದು.

ತಾವ್ವವೂಮದಲ್ಲಿ ಕಂಡದ್ದೇನು?

ಸ್ವೀಡನ್ನಿನ ಉತ್ತರದ ತುದಿಯ ಹತ್ತಿರ, ರಸ್ತೆಗಳಿಂದ ದೂರದಲ್ಲಿ, ತಾವ್ವವೂಮ ಎಂಬ ವಿಶಾಲ ಪಾಲ್ಸಾ ಜೌಗು ಇದೆ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಇಲ್ವಾ ಶೋಬೆರಿ ಮತ್ತು ಸಂಗಡಿಗರು ಅಲ್ಲಿ ವಿದ್ಯುತ್ ಸರ್ವೆ ಮತ್ತು ನೆಲದ ರೇಡಾರ್ ಎರಡನ್ನೂ ಜೊತೆಗೂಡಿಸಿ ಅಳೆದು, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಸಿಗೆಯಲ್ಲಿ ಕರಗುವ ಪದರ ಸುಮಾರು ಅರ್ಧ ಮೀಟರ್. ಹೆಪ್ಪುನೆಲದ ತಳ ಸುಮಾರು 16 ಮೀಟರ್ ಆಳದಲ್ಲಿ. ಇವೆರಡಕ್ಕಿಂತ ಮುಖ್ಯವಾದದ್ದು ಇನ್ನೊಂದು: ಕೆಲವು ಕಡೆ 2ರಿಂದ 7 ಮೀಟರಿನಷ್ಟು ಆಳದವರೆಗೆ ಚಳಿಗಾಲದಲ್ಲೂ ಹೆಪ್ಪುಗಟ್ಟದ ನೆಲ ಸಿಕ್ಕಿತು. ಇದಕ್ಕೆ ತಾಲಿಕ್ ಎನ್ನುತ್ತಾರೆ. ದಿಬ್ಬ ತಗ್ಗಾಗಿರುವ ಕಡೆಯಲ್ಲೇ ತಾಲಿಕ್‌ಗಳು ಹೆಚ್ಚು. ಮೇಲಿನಿಂದ ನೋಡಿದವರಿಗೆ ಅದೂ ಇದೂ ಒಂದೇ ಜೌಗು, ಒಳಗೆ ಮಾತ್ರ ಗೆದ್ದಲು ಹಿಡಿದ ತೊಲೆ. ಅಲ್ಲಿನ ಹೆಪ್ಪುನೆಲ ಇನ್ನು ಮೂರು ಶತಮಾನಗಳೊಳಗೆ ಪೂರ್ತಿ ಕರಗಬಹುದು ಎಂದು ಅವರು ಒಂದು ಸ್ಥೂಲ ಲೆಕ್ಕ ಕೊಟ್ಟಿದ್ದಾರೆ.

ಮೂರು ಶತಮಾನವೆಂದರೆ ಇನ್ನೂ ಕಾಲವಿದೆಯಲ್ಲ ಎನ್ನಬೇಡಿ. ದಿಬ್ಬದ ತಳದವರೆಗೆ ಕರಗಲು ಅಷ್ಟು ಬೇಕು, ಕುಸಿಯಲು ಅಷ್ಟು ಬೇಡ. ಸ್ವೀಡನ್ನಿನ ಅತಿ ದೊಡ್ಡ ಪಾಲ್ಸಾ ಜೌಗಾದ ವಿಸ್ಸಾತ್‌ವೂಪ್ಮಿಯಲ್ಲಿ 1955ರಿಂದ 2016ರ ನಡುವೆ ಪಾಲ್ಸಾಗಳ ವಿಸ್ತೀರ್ಣ ಶೇಕಡಾ 54ರಷ್ಟು ಕುಗ್ಗಿತೆಂದು ಆಕಾಶದಿಂದ ತೆಗೆದ ಚಿತ್ರಗಳ ಅಧ್ಯಯನ ತೋರಿಸಿದೆ. ಅಬಿಸ್ಕೊ ಸುತ್ತಲಿನ ಒಂಬತ್ತು ಜೌಗುಗಳಲ್ಲಿ 1978ರಿಂದ ವರ್ಷ ವರ್ಷವೂ ಕಬ್ಬಿಣದ ಸಲಾಕೆ ಚುಚ್ಚಿ ಅಳೆದ ಲೆಕ್ಕವಿದೆ. 2006ರವರೆಗಿನ ಆ ಲೆಕ್ಕದ ಪ್ರಕಾರ ಸಕ್ರಿಯ ಪದರ ವರ್ಷಕ್ಕೆ 0.7ರಿಂದ 1.3 ಸೆಂಟಿಮೀಟರ್ ದಪ್ಪವಾಗುತ್ತಾ ಬಂದಿದೆ. ಕೆಲವೆಡೆ ಹೆಪ್ಪುನೆಲವೇ ಕಾಣೆಯಾಗಿದೆ. ಅಬಿಸ್ಕೊ ಸಂಶೋಧನಾ ಕೇಂದ್ರದಲ್ಲಿ 1913ರಿಂದ ನಡೆದುಬಂದಿರುವ ಹವಾಮಾನ ದಾಖಲೆಯಲ್ಲಿ 2006ರ ಹೊತ್ತಿಗೆ ವಾರ್ಷಿಕ ಸರಾಸರಿ ಸುಮಾರು 2.5 ಡಿಗ್ರಿ ಏರಿ, ಸೊನ್ನೆಯ ಗೆರೆಯನ್ನು ದಾಟಿತ್ತು.

ಯಾಕೆ ಇಷ್ಟು ತಲೆಬಿಸಿ?

ಎಲ್ಲೋ ಉತ್ತರದ ಜೌಗಿನ ದಿಬ್ಬ ಕುಸಿದರೆ ನಮಗೇನು? ಎಂದು ಮಕ್ಕಳು ಕೇಳಬಹುದು. ಉತ್ತರ ಹೀಗೆ. ಹೆಪ್ಪುನೆಲ ಎಂದರೆ ಜಗತ್ತಿನ ದೊಡ್ಡ ಫ್ರೀಜರ್. ಸಾವಿರಾರು ವರ್ಷಗಳ ಗಿಡಮೂಲಿಕೆಗಳ ಅವಶೇಷ ಅದರಲ್ಲಿ ಕೊಳೆಯದೆ ಕುಳಿತಿದೆ. ಉತ್ತರದ ಹೆಪ್ಪುನೆಲ ಪ್ರದೇಶಗಳಲ್ಲಿರುವ ಇಂಗಾಲ ಸುಮಾರು 1500 ಶತಕೋಟಿ ಟನ್ ಎಂದು ಅಂದಾಜು; ವಾತಾವರಣದಲ್ಲಿ ಇರುವುದರ ಹತ್ತಿರ ಹತ್ತಿರ ಎರಡು ಪಟ್ಟು. ಫ್ರೀಜರಿನ ಕರೆಂಟು ಹೋದರೆ ಒಳಗಿದ್ದದ್ದು ಕೊಳೆಯಲೇಬೇಕು. ಒಣನೆಲದಲ್ಲಿ ಕೊಳೆತರೆ ಕಾರ್ಬನ್ ಡೈಆಕ್ಸೈಡ್, ನೀರು ನಿಂತ ಕಡೆ ಕೊಳೆತರೆ ಮೀಥೇನ್ ಕೂಡ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ತೂಕಕ್ಕೆ ತೂಕ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಸ್ಟೂರ್‌ಡಾಲೆನ್‌ನಲ್ಲಿ ಪಾಲ್ಸಾ ಕುಸಿದ ಜಾಗಗಳು ಹಸಿರು ತಗ್ಗುಗಳಾಗಿ ಮೀಥೇನ್ ಉಗುಳುವುದನ್ನು ವರ್ಷಗಳಿಂದ ಅಳೆಯುತ್ತಿದ್ದಾರೆ.

ಸ್ಥಳೀಯರಿಗೂ ಇದು ನಷ್ಟವೇ. ಹಿಮಸಾರಂಗ ಮೇಯಿಸುವ ಸಾಮಿ ಜನರಿಗೆ ಗಟ್ಟಿ ನೆಲವಿದ್ದಲ್ಲಿ ಕೆಸರು ಹೊಂಡವಾದರೆ ಹಿಂಡಿನ ದಾರಿಯೇ ಬದಲಾಗುತ್ತದೆ. ಪಾಲ್ಸಾ ಜೌಗಿನ ಕೊಳಗಳನ್ನು ನಂಬಿದ ಹಕ್ಕಿಗಳಿಗೂ ಮನೆ ತಪ್ಪುತ್ತದೆ. ಒಂದು ಮಾತು ಸ್ಪಷ್ಟಪಡಿಸಬೇಕು: ಕಿರುನಾ ಊರು ಸ್ಥಳಾಂತರವಾಗುತ್ತಿರುವುದಕ್ಕೆ, 2025ರ ಆಗಸ್ಟಿನಲ್ಲಿ ಅಲ್ಲಿನ ಮರದ ಚರ್ಚನ್ನು ಗಾಲಿಗಳ ಮೇಲೆ ಸಾಗಿಸಿದ್ದಕ್ಕೆ ಕಾರಣ ಹೆಪ್ಪುನೆಲವಲ್ಲ, ಕಬ್ಬಿಣದ ಗಣಿಯಿಂದ ನೆಲ ಜರುಗುತ್ತಿರುವುದು. ಎರಡನ್ನೂ ಬೆರೆಸಿ ಹೇಳುವವರು ಇದ್ದಾರೆ.

ಕರೆಂಟು ಹೇಳದೇ ಉಳಿಸುವ ಮಾತು

ಹಾಗಾದರೆ ಬಣ್ಣದ ಚಿತ್ರ ನೋಡಿ ಎಲ್ಲ ಹೇಳಿಬಿಡಬಹುದೇ? ಇಲ್ಲ. ಕರೆಂಟು ತಿಳಿಸುವುದು ರೋಧವನ್ನು ಮಾತ್ರ. ಮಂಜಿನ ರೋಧ ಹೆಚ್ಚು, ನಿಜ. ಆದರೆ ಒಣ ಬಂಡೆಯದ್ದೂ ಹೆಚ್ಚು, ಕಲ್ಲುಗಳ ನಡುವಿನ ಗಾಳಿಯದ್ದೂ ಹೆಚ್ಚು. ಸೊನ್ನೆಯ ಹತ್ತಿರವಿರುವ ಹೆಪ್ಪುನೆಲದಲ್ಲಿ, ಅದರಲ್ಲೂ ಜೇಡಿಯಲ್ಲಿ, ಸ್ವಲ್ಪ ನೀರು ಹೆಪ್ಪುಗಟ್ಟದೇ ಉಳಿಯುವುದರಿಂದ ಗಡಿಗೆರೆ ಮಸುಕಾಗುತ್ತದೆ. ಆಳ ಹೆಚ್ಚಿದಂತೆ ಚಿತ್ರವೂ ಮಂಜುಮಂಜು. ಆದ್ದರಿಂದಲೇ ತಾವ್ವವೂಮದಲ್ಲಿ ರೇಡಾರ್ ಜೊತೆಗಿತ್ತು. ಬೇರೆ ಕಡೆ ಸಲಾಕೆ, ಕೊರೆದ ರಂಧ್ರ, ಉಷ್ಣಮಾಪಕ ಇರುತ್ತವೆ. ಒಂದೇ ಸಾಲನ್ನು ವರ್ಷ ವರ್ಷವೂ ಅಳೆದರೆ ಇನ್ನೂ ಒಳ್ಳೆಯದು. ಬಂಡೆ ಬದಲಾಗುವುದಿಲ್ಲ, ಬದಲಾದದ್ದು ಮಂಜೇ ಎಂದು ಗೊತ್ತಾಗುತ್ತದೆ. ಸ್ವಿಟ್ಜರ್ಲೆಂಡಿನ ಶಿಲ್ಟ್‌ಹಾರ್ನ್ ಬೆಟ್ಟದಲ್ಲಿ 1999ರಿಂದ ಹೀಗೆ ಅಳೆಯುತ್ತಾ ಬಂದಿದ್ದಾರೆ.

ಊರಿನಿಂದ ಫೋನು ಬಂದರೆ...

ಈ ಮಿತಿಯ ಮಾತು ನಮ್ಮ ಜೇಬಿಗೂ ಸಂಬಂಧಿಸಿದ್ದು. "ಈ ಸಲವೂ ಬೋರು ಫೇಲಾಯ್ತು ಕಣಪ್ಪಾ, ಇನ್ನೊಂದು ಪಾಯಿಂಟ್ ಗುರುತು ಮಾಡಿಸಿದೀವಿ" ಎಂದು ಊರಿನಿಂದ ಫೋನು ಬಂದಾಗ ಇಲ್ಲಿಂದ ಹಣ ಕಳಿಸುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ದಕ್ಷಿಣ ಕರ್ನಾಟಕದ ನೆಲ ಹೆಚ್ಚಾಗಿ ಗಟ್ಟಿ ಗ್ರಾನೈಟ್ ಜಾತಿಯ ಬಂಡೆ. ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ. ಇಲ್ಲಿ ರೋಧ ಹೆಚ್ಚಿರುವುದನ್ನು ಹುಡುಕಿದರೆ ಅಲ್ಲಿ ಕಡಿಮೆಯಿರುವುದನ್ನು ಹುಡುಕುತ್ತಾರೆ.

ತೆಂಗಿನಕಾಯಿ, ಬೇವಿನ ಕಡ್ಡಿ ಹಿಡಿದು ನೀರು ತೋರಿಸುವುದಕ್ಕಿಂತ ವಿದ್ಯುತ್ ಸರ್ವೆ ಖಂಡಿತ ಮೇಲು. ಆದರೆ ಅದಕ್ಕೂ ಪ್ರಶ್ನೆ ಕೇಳಬೇಕು. ಮೊದಲನೆಯದು, ವೈರು ಎಷ್ಟು ಉದ್ದ ಎಳೆದರು? ಇನ್ನೂರು ಮೀಟರ್ ವೈರು ಎಳೆದು "ಸಾವಿರ ಅಡಿಯಲ್ಲಿ ಎರಡಿಂಚು ನೀರಿದೆ" ಎಂದು ಭರವಸೆ ಕೊಟ್ಟರೆ ನಂಬಬೇಡಿ. ಸಾವಿರ ಅಡಿ ಎಂದರೆ 300 ಮೀಟರ್. ಅಷ್ಟು ಆಳದ ಅಂದಾಜಿಗೆ ಒಂದು ಕಿಲೋಮೀಟರಿಗೂ ಹೆಚ್ಚಿನ ಸಾಲು ಬೇಕು, ಆಗಲೂ ಬೆರಳಗಲದ ಬಿರುಕು ಕಾಣುವುದಿಲ್ಲ. ಎರಡನೆಯದು, ಎಷ್ಟು ಕಡೆ ಅಳೆದರು? ಒಂದೇ ಜಾಗದ ಅಳತೆಗಿಂತ ಹೊಲದ ಮೂರು ನಾಲ್ಕು ಕಡೆಯ ಅಳತೆಯನ್ನು ಹೋಲಿಸುವುದು ಲೇಸು. ಮೂರನೆಯದು, ಅಕ್ಕಪಕ್ಕದ ಬಾವಿಗಳ ಆಳ, ನೀರು ಸಿಕ್ಕ ಮಟ್ಟ ವಿಚಾರಿಸಿದರೇ? ಅಬಿಸ್ಕೊದ ಸಲಾಕೆ ಮಾಡುವ ಕೆಲಸವನ್ನು ಅಲ್ಲಿ ನೆರೆಯವರ ಬಾವಿ ಮಾಡುತ್ತದೆ. ಸರ್ವೆ ಸರಿಯಿದ್ದರೂ ಬತ್ತಿದ ನೆಲದಲ್ಲಿ ಅದು ನೀರು ಹುಟ್ಟಿಸಲಾರದು. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯಿದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿ ಬೇಕು ಎಂಬುದನ್ನೂ ಮನೆಯವರಿಗೆ ನೆನಪಿಸಿ. ಕೊರೆಯುವ ಖರ್ಚಿನ ಒಂದು ಪಾಲನ್ನು ಮಳೆನೀರು ಇಂಗಿಸಲು ಇಟ್ಟರೆ ಮುಂದಿನ ಫೋನು ಸ್ವಲ್ಪ ತಡವಾಗಿ ಬಂದೀತು.

ಮುಂದಿನ ಬಾರಿ ಅಬಿಸ್ಕೊಗೆ ಹೋಗುವವರಿಗೆ ಒಂದು ಕಿವಿಮಾತು. ಸಾಧ್ಯವಾದರೆ ಆಗಸ್ಟಿನ ಕೊನೆಯಲ್ಲಿ ಹೋಗಿ. ಜೌಗಿಗೆ ಹಾಸಿರುವ ಮರದ ಹಲಗೆಗಳ ದಾರಿ ಬಿಟ್ಟು ಇಳಿಯಬೇಡಿ. ತುಳಿದ ಪೀಟ್ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಅಲ್ಲಲ್ಲಿ ಕಾಣುವ ಕಡ್ಡಿ, ಪೈಪು, ವೈರುಗಳನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಯಾರದೋ ಇಪ್ಪತ್ತು-ಮೂವತ್ತು ವರ್ಷಗಳ ಲೆಕ್ಕ ಅದರಲ್ಲಿರಬಹುದು. ಕಂದು ದಿಬ್ಬ ಯಾವುದು, ಕುಸಿದ ತಗ್ಗು ಯಾವುದು ಎಂದು ಗುರುತಿಸಲು ಮಕ್ಕಳಿಗೆ ಹೇಳಿಕೊಡಿ, ಒಂದು ಫೋಟೋ ತೆಗೆದಿಡಿ. ಅವರು ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆದುಕೊಂಡು ಬಂದಾಗ ಆ ದಿಬ್ಬ ಅಲ್ಲಿರುತ್ತದೋ ಇಲ್ಲವೋ, ಹೋಲಿಸಿ ನೋಡಲು ಒಂದು ದಾಖಲೆಯಂತೂ ಇರುತ್ತದೆ.

ಊರಿನ ಬೋರ್‌ವೆಲ್ ಸರ್ವೆಯ ಅನುಭವ ಇರುವವರು, ಉತ್ತರದ ಜೌಗುಗಳಲ್ಲಿ ಕೆಲಸ ಮಾಡಿದವರು ನಮ್ಮ ನಡುವೆ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಎಲ್ಲರಿಗೂ ಉಪಯೋಗವಾದೀತು.